ಸತ್ತವರ ಪುನರುತ್ಥಾನ: ಶಾಸ್ತ್ರದಿಂದ ವಾದ ಕಟ್ಟುವುದು ಹೇಗೆ

ಮನೆಕೂಟದಲ್ಲೋ ಸಂಡೇ ಸ್ಕೂಲ್ ಶಿಕ್ಷಕರ ತರಬೇತಿಯಲ್ಲೋ ಪುನರುತ್ಥಾನದ ಬಗ್ಗೆ ಪಾಠ ಎಂದರೆ ಸಾಮಾನ್ಯವಾಗಿ ನಡೆಯುವುದು ಇಷ್ಟು: ಒಂದು ಹಾಳೆಯಲ್ಲಿ ಮೂವತ್ತು ವಚನಗಳ ಪಟ್ಟಿ, ಒಬ್ಬೊಬ್ಬರಿಂದ ಒಂದೊಂದು ಓದಿಸುವುದು, ಕೊನೆಗೆ ಪ್ರಾರ್ಥನೆ. ಹಿಂದಿನ ಸಾಲಿನಲ್ಲಿ ಕೂತ ಯಾರೋ ಒಬ್ಬರು "ಸತ್ತವರಿಗೋ ಯಾವ ತಿಳುವಳಿಕೆಯೂ ಇಲ್ಲ ಅಂತ ಪ್ರಸಂಗಿ 9:5ರಲ್ಲಿ ಇದೆಯಲ್ಲ?" ಎಂದು ಕೇಳಿದರೆ ಸಾಕು, ಪಟ್ಟಿ ಅಲ್ಲೇ ನಿಂತುಹೋಗುತ್ತದೆ. ಪಟ್ಟಿಯ ವಚನಗಳು ಸುಳ್ಳೆಂದು ಹೀಗಾಗುವುದಲ್ಲ. ಯಾವ ವಚನ ಭಾರ ಹೊರುತ್ತದೆ, ಯಾವುದು ಪಕ್ಕದಲ್ಲಿ ನಿಂತು ಆಸರೆ ಕೊಡುತ್ತದೆ, ಯಾವುದು ಬೇರೆಯದೇ ವಿಷಯ ಹೇಳುತ್ತದೆ ಎಂದು ಯಾರೂ ವಿಂಗಡಿಸಿರುವುದಿಲ್ಲ. ಪೌಲನು ಥೆಸಲೋನಿಕದ ಸಭಾಮಂದಿರದಲ್ಲಿ ಮೂರು ಸಬ್ಬತ್ ದಿನ ಶಾಸ್ತ್ರಾಧಾರದಿಂದ ವಾದಿಸಿದ (ಅಪೊಸ್ತಲರ ಕೃತ್ಯಗಳು, ಅಂದರೆ ಅ. ಕೃ. 17:2–3), ಬೆರೋಯದವರು ಅದು ಹೌದೋ ಅಲ್ಲವೋ ಎಂದು ದಿನಾಲೂ ಶಾಸ್ತ್ರ ತೆರೆದು ನೋಡಿದರು (17:11). ಅಂಥ ಕೇಳುಗರು ಎದುರಿಗಿದ್ದಾರೆ ಎಂದುಕೊಂಡೇ ಪಾಠ ಸಿದ್ಧಮಾಡಬೇಕು.

ಏನನ್ನು ಸ್ಥಾಪಿಸಬೇಕು ಎಂಬುದು ಮೊದಲು

ಬೋರ್ಡಿನ ಮೇಲೆ ಒಂದೇ ವಾಕ್ಯ ಬರೆಯಿರಿ: ಸತ್ತವರನ್ನು, ನೀತಿವಂತರನ್ನೂ ಅನೀತಿವಂತರನ್ನೂ, ದೇವರು ಕಡೇ ದಿನದಲ್ಲಿ ದೇಹಸಹಿತ ಎಬ್ಬಿಸುತ್ತಾನೆ, ಆಮೇಲೆ ನ್ಯಾಯತೀರ್ಪು. ಇದಕ್ಕೆ ಯೋಹಾನ 5:28–29 ಮತ್ತು ಅ. ಕೃ. 24:15 ಸಾಕು. ಜೀವಕ್ಕಾಗಿ ಏಳುವವರ ಪಾಲಿಗೆ ಆ ಬದುಕು ಮತ್ತೆ ಸಾವಿಲ್ಲದ್ದು ಎಂಬ ಮಾತು ಲೂಕ 20:36ರಲ್ಲಿದೆ.

ಅದರ ಕೆಳಗೆ ಈ ವಾಕ್ಯ ಏನಲ್ಲ ಎಂಬುದನ್ನೂ ಬರೆಯಿರಿ. ಈ ಹೆಜ್ಜೆಯನ್ನು ಹಾರಿದವರು ಕೊನೆಯ ತನಕ ಒದ್ದಾಡುತ್ತಾರೆ.

ಇದು ಪುನರ್ಜನ್ಮವಲ್ಲ. ಪುನರ್ಜನ್ಮದಲ್ಲಿ ಜೀವ ಹಳೆಯ ದೇಹ ಬಿಟ್ಟು ಬೇರೆ ದೇಹ, ಬೇರೆ ಹೆಸರು, ಬೇರೆ ತಾಯಿತಂದೆಯನ್ನು ಪಡೆಯುತ್ತದೆ. ಇಲ್ಲಿ ಸತ್ತವನೇ ಏಳುತ್ತಾನೆ. ತೋಮನಿಗೆ ಯೇಸು ತೋರಿಸಿದ್ದು ಅದೇ ಕೈ, ಅದೇ ಗಾಯ (ಯೋಹಾನ 20:27). ಮನುಷ್ಯರು ಸಾಯುವುದು ಒಂದೇ ಸಾರಿ ಎನ್ನುವ ಇಬ್ರಿಯ 9:27ನ್ನು ಇಲ್ಲೇ ಓದಿಸಿ. "ಹಾಗಾದರೆ ಎಲೀಯನೇ ಸ್ನಾನಿಕ ಯೋಹಾನನಾಗಿ ಹುಟ್ಟಲಿಲ್ಲವೇ?" ಎಂಬ ಪ್ರಶ್ನೆ ಕರ್ನಾಟಕದಲ್ಲಿ ಬಂದೇ ಬರುತ್ತದೆ. ಉತ್ತರ ಚಿಕ್ಕದು. ಎಲೀಯ ಸಾಯಲೇ ಇಲ್ಲ (2 ಅರಸು 2:11), ಆದ್ದರಿಂದ ಮತ್ತೆ ಹುಟ್ಟುವ ಮಾತೇ ಬರುವುದಿಲ್ಲ. ಲೂಕ 1:17 ಹೇಳುವುದು ಎಲೀಯನ ಗುಣಶಕ್ತಿಗಳನ್ನು ಮಾತ್ರ.

ಆತ್ಮ ಸಾಯುವುದಿಲ್ಲ ಎಂಬ ಮಾತೂ ಇದಲ್ಲ. ಸತ್ತ ಕ್ಷಣದಿಂದ ಕಡೇ ದಿನದವರೆಗಿನ ಸ್ಥಿತಿಯ ಬಗ್ಗೆ ಲೂಕ 23:43, ಫಿಲಿಪ್ಪಿ 1:23, 2 ಕೊರಿಂಥ 5:8 ಮಾತಾಡುತ್ತವೆ. ಅದು ನಡುವಿನ ತಂಗುದಾಣ. ಪುನರುತ್ಥಾನ ಅದರ ಮುಂದಿನದು. ಶವಸಂಸ್ಕಾರದ ಪ್ರಸಂಗಗಳಲ್ಲಿ "ಅವರು ಪರಲೋಕಕ್ಕೆ ಹೋದರು" ಎಂಬಲ್ಲಿಗೇ ಮಾತು ಮುಗಿಸುವ ರೂಢಿ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಪ್ರತಿ ಭಾನುವಾರ ವಿಶ್ವಾಸಪ್ರಮಾಣದಲ್ಲಿ ದೇಹದ ಪುನರುತ್ಥಾನವನ್ನು ಬಾಯಿಬಿಟ್ಟು ಹೇಳುವವರಿಗೂ ಅದೊಂದು ಹೆಚ್ಚುವರಿ ಸಂಗತಿಯಂತೆ ಕಾಣುತ್ತದೆ.

ಮೂರನೆಯದು, ಸತ್ತವರಿಗೆ ಈ ಲೋಕದ ಜೀವ ಮರಳಿದ ಘಟನೆಗಳು. ಹಳೆಯ ಒಡಂಬಡಿಕೆಯಲ್ಲಿ ಇಂಥವು ಮೂರು: ಚಾರೆಪ್ತದ ವಿಧವೆಯ ಮಗ (1 ಅರಸು 17), ಶೂನೇಮ್ಯಳ ಮಗ (2 ಅರಸು 4), ಎಲೀಷನ ಎಲುಬು ತಗುಲಿ ಎದ್ದ ಹೆಣ (2 ಅರಸು 13:21). ಯೇಸು ಎಬ್ಬಿಸಿದವರು ಯಾಯೀರನ ಮಗಳು, ನಾಯಿನ್ ಊರಿನ ಯುವಕ, ನಾಲ್ಕು ದಿನ ಸಮಾಧಿಯಲ್ಲಿದ್ದ ಲಾಜರ. ಅಪೊಸ್ತಲರ ಕೃತ್ಯಗಳಲ್ಲಿ ತಬಿಥ ಮತ್ತು ಯೂತಿಖ. ಇವರು ಎದ್ದದ್ದು ಇದೇ ಹಳೆಯ ಬದುಕಿಗೆ. ಇವನ್ನು "ದೇವರಿಗೆ ಸಾವಿನ ಮೇಲೆ ಅಧಿಕಾರವಿದೆ" ಎಂಬ ಮಾತಿಗೆ ಸಾಕ್ಷಿಯಾಗಿ ಕರೆಯಿರಿ. ಕಡೇ ದಿನದ ಪುನರುತ್ಥಾನಕ್ಕೆ ಉದಾಹರಣೆ ಎಂದು ಕರೆದರೆ ಕೇಳುಗ "ಲಾಜರ ಈಗ ಎಲ್ಲಿ?" ಎನ್ನುತ್ತಾನೆ, ನ್ಯಾಯವಾಗಿಯೇ.

ಸಿದ್ಧತೆ

ಎರಡು ಕನ್ನಡ ಅನುವಾದಗಳು ಬೇಕು: ಹಳೆಯ ಸತ್ಯವೇದ ಒಂದು, ಅಡಿಟಿಪ್ಪಣಿ ಇರುವ ಹೊಸದೊಂದು. ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಮಾಡಿ: ಆಧಾರ, ಆಸರೆ, ಅನುಮಾನ. ಒಂದು ವಚನವನ್ನು ಯಾವ ಅಂಕಣಕ್ಕೂ ಹಾಕುವ ಮುಂಚೆ ಅದರ ಹಿಂದಿನ ಹತ್ತು, ಮುಂದಿನ ಹತ್ತು ವಚನ ಓದಿ, ಮೂರು ಪ್ರಶ್ನೆ ಕೇಳಿ. ಮಾತು ಯಾರಿಗೆ? ಸತ್ತವರು ಎಂದರೆ ನಿಜಕ್ಕೂ ಸತ್ತವರೋ, ಸೋತು ಸೆರೆಹೋದ ಜನಾಂಗವೋ? ಈ ವಚನವನ್ನು ಬೈಬಲ್ಲಿನಲ್ಲೇ ಬೇರೆ ಯಾರಾದರೂ ಪುನರುತ್ಥಾನಕ್ಕಾಗಿ ಎತ್ತಿಕೊಂಡಿದ್ದಾರೆಯೇ? ಮೂರನೆಯ ಪ್ರಶ್ನೆಗೆ ಹೌದೆಂದು ಬಂದರೆ ಅದಕ್ಕೆ ಹೆಚ್ಚಿನ ತೂಕ. ಕೀರ್ತನೆ 16:10 ಅಂಥದ್ದು, ಪಂಚಾಶತ್ತಮ ದಿನದಲ್ಲಿ ಪೇತ್ರ (ಅ. ಕೃ. 2:25–31), ಪಿಸಿದ್ಯದ ಅಂತಿಯೋಕ್ಯದಲ್ಲಿ ಪೌಲ (13:35) ಇಬ್ಬರೂ ಅದನ್ನೇ ಎತ್ತಿಕೊಂಡರು. ದಾವೀದನ ಸಮಾಧಿ ಊರೊಳಗೇ ಇದೆ, ಆದ್ದರಿಂದ ಮಾತು ದಾವೀದನಲ್ಲಿಗೆ ನಿಲ್ಲಲಾರದು ಎಂಬುದು ಪೇತ್ರನ ತರ್ಕ.

ಆರಂಭ ಮಾರ್ಕ 12:18–27ರಿಂದ

ಬಹಳ ಜನ ಖಾಲಿ ಸಮಾಧಿಯಿಂದ ಶುರುಮಾಡುತ್ತಾರೆ. ನಮ್ಮ ಸಲಹೆ ಬೇರೆ. "ಶಾಸ್ತ್ರದಲ್ಲಿ ಪುನರುತ್ಥಾನ ಎಲ್ಲಿದೆ?" ಎಂಬ ಪ್ರಶ್ನೆಯನ್ನು ಯೇಸು ಸ್ವತಃ ಎದುರಿಸಿದ ಜಾಗ ಇದು; ವಿಧಾನವನ್ನು ಇಲ್ಲೇ ಕಲಿಯಬಹುದು.

ಸದ್ದುಕಾಯರು ಪುನರುತ್ಥಾನ ಒಪ್ಪದ ಯೆಹೂದಿ ಪಂಗಡದವರು (ಅ. ಕೃ. 23:8). ಆತ್ಮವೂ ದೇಹದೊಂದಿಗೇ ನಾಶವಾಗುತ್ತದೆ ಎಂಬುದು ಅವರ ಮತ ಎಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅವರು ತಂದ ಒಗಟು ಏಳು ಅಣ್ಣತಮ್ಮಂದಿರಿಗೆ ಒಬ್ಬಳೇ ಹೆಂಡತಿಯಾದದ್ದು. ಒಗಟಿನ ಮೊನೆ ಕಾಣಬೇಕಾದರೆ ಮೊದಲು ಧರ್ಮೋಪದೇಶಕಾಂಡ 25:5–6 ಓದಿಸಿ. ಮಕ್ಕಳಿಲ್ಲದೆ ಸತ್ತವನ ಹೆಸರು ಅಳಿಯಬಾರದೆಂದು ಅವನ ಸಹೋದರನು ಆ ವಿಧವೆಯನ್ನು ಮದುವೆಯಾಗಬೇಕು ಎಂಬ ವಿಧಿ ಅದು. ಸತ್ತವನಿಗೆ ಉಳಿಯುವುದು ಮಗ ಮತ್ತು ಹೆಸರು, ಅಷ್ಟೇ; ಅದಕ್ಕಿಂತ ಹೆಚ್ಚಿನದನ್ನು ಸೇರಿಸಿದರೆ ಮೋಶೆಯ ವಿಧಿಯೇ ನಗೆಪಾಟಲಾಗುತ್ತದೆ ಎಂಬುದು ಸದ್ದುಕಾಯರ ಮಾತು.

ಯೇಸು 24ನೆಯ ವಚನದಲ್ಲಿ ಎರಡು ತಪ್ಪು ಹಿಡಿಯುತ್ತಾನೆ: ಶಾಸ್ತ್ರ ಗೊತ್ತಿಲ್ಲ, ದೇವರ ಶಕ್ತಿ ಗೊತ್ತಿಲ್ಲ. ಉತ್ತರ ಬರುವುದು ತಿರುವುಮುರುವಾಗಿ, ಶಕ್ತಿಯದ್ದು 25ರಲ್ಲಿ, ಶಾಸ್ತ್ರದ್ದು 26ರಲ್ಲಿ. ಇದನ್ನು ಗುಂಪಿನವರೇ ಕಂಡುಕೊಳ್ಳಲಿ, ಐದು ನಿಮಿಷ ಕೊಡಿ.

ಶಕ್ತಿಯ ಭಾಗಕ್ಕೆ ಮಾರ್ಕನ ಜೊತೆ ಲೂಕ 20:35–36 ಇಟ್ಟುಕೊಳ್ಳಿ. ಮಾರ್ಕನಲ್ಲಿ ಇಲ್ಲದ ಕಾರಣ ಅಲ್ಲಿದೆ. ಏಳುವವರು ಮದುವೆಯಾಗುವುದಿಲ್ಲ, ಏಕೆಂದರೆ ಅವರು ಇನ್ನು ಸಾಯಲಾರರು. ಸಾವೇ ಇಲ್ಲದ ಕಡೆ ಸತ್ತವನ ಹೆಸರು ಉಳಿಸುವ ವಿಧಿಗೆ ಕೆಲಸವೇನು? ಪುನರುತ್ಥಾನ ಎಂದರೆ ಈಗಿನ ಸಂಸಾರದ ಮುಂದಿನ ಭಾಗ ಎಂದು ಸದ್ದುಕಾಯರು ಊಹಿಸಿದ್ದರು. ಆ ಊಹೆ ಬಿದ್ದಮೇಲೆ ಒಗಟೂ ಇಲ್ಲ.

ಶಾಸ್ತ್ರದ ಭಾಗದಲ್ಲಿ ಪಾಠ ಹೇಳುವವರು ಎಡವುವುದು ಹೆಚ್ಚು. ಯೇಸು ಎತ್ತಿಕೊಳ್ಳುವುದು ಉರಿಯುವ ಪೊದೆಯ ಮಾತು, ವಿಮೋಚನಕಾಂಡ 3:6: ನಾನು ಅಬ್ರಹಾಮನ ದೇವರು, ಇಸಾಕನ ದೇವರು, ಯಾಕೋಬನ ದೇವರು. ಸಾಮಾನ್ಯ ವಿವರಣೆ ಹೀಗೆ: "ದೇವರಾಗಿದ್ದೆ ಅನ್ನಲಿಲ್ಲ, ದೇವರಾಗಿದ್ದೇನೆ ಅಂದ, ಆದ್ದರಿಂದ ಅವರು ಬದುಕಿದ್ದಾರೆ." ಇದರಲ್ಲಿ ಎರಡು ತೊಡಕು. ಹೀಬ್ರೂ ಮೂಲದಲ್ಲಿ ಆ ವಾಕ್ಯಕ್ಕೆ ಕ್ರಿಯಾಪದವೇ ಇಲ್ಲ, ಮಾರ್ಕನ ಗ್ರೀಕಿನಲ್ಲೂ ಇಲ್ಲ. ಆದ್ದರಿಂದ ಇಡೀ ಭಾರವನ್ನು ಕಾಲಸೂಚಕದ ಮೇಲೆ ಹೇರಲಾಗದು. ಒಪ್ಪಿಕೊಂಡರೂ ಅದರಿಂದ ಸಿಗುವುದು ಮೂಲಪಿತೃಗಳ ಆತ್ಮ ದೇವರ ಬಳಿ ಇದೆ ಎಂಬುದಷ್ಟೇ. ಅವರು ಏಳುತ್ತಾರೆ ಎಂಬುದಕ್ಕೆ ಒಂದು ಮೆಟ್ಟಿಲು ಕಡಿಮೆ ಬೀಳುತ್ತದೆ.

ಆ ಮೆಟ್ಟಿಲು ಪೊದೆಯ ಪ್ರಸಂಗದ ಸುತ್ತಲೇ ಇದೆ. 2:24ರಲ್ಲಿ ದೇವರು ಅಬ್ರಹಾಮ, ಇಸಾಕ, ಯಾಕೋಬರ ಸಂಗಡ ಮಾಡಿದ ಒಡಂಬಡಿಕೆ ನೆನಪಿಸಿಕೊಳ್ಳುತ್ತಾನೆ. 6:4ರಲ್ಲಿ ಕಾನಾನ್ ದೇಶವನ್ನು "ಅವರಿಗೆ" ಕೊಡುವ ಮಾತು ಬರುತ್ತದೆ. ಆದಿಕಾಂಡ 17:8ರಲ್ಲಿ "ನಿನಗೂ ನಿನ್ನ ಸಂತತಿಗೂ". ಸಂತತಿಗೆ ಸಿಕ್ಕಿತು ಸರಿ, ಅಬ್ರಹಾಮನಿಗೆ ಸಿಕ್ಕಿದ್ದೇನು? ಆದಿಕಾಂಡ 23 ತೆರೆಯಿರಿ. ಹೆಂಡತಿ ಸಾರಳನ್ನು ಮಣ್ಣುಮಾಡಲು ಹಿತ್ತಿಯನಾದ ಎಫ್ರೋನನಿಂದ ಮಕ್ಪೇಲದ ಹೊಲ, ಗವಿಯನ್ನು 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಂಡ. ದೇವರು ಕೊಡುತ್ತೇನೆಂದ ದೇಶದಲ್ಲಿ ಅವನ ಕೈಗೆ ಬಂದದ್ದು ಗೋರಿಯ ಜಾಗ, ಅದೂ ದುಡ್ಡು ಕೊಟ್ಟು. ದೇವರು ಅವನಿಗೆ ಅಲ್ಲಿ ಕಾಲಿಡುವಷ್ಟು ನೆಲವನ್ನೂ ಕೊಡಲಿಲ್ಲ ಎಂದು ಸ್ತೆಫನ ಹೇಳುವುದು ಇದನ್ನೇ (ಅ. ಕೃ. 7:5). ಸಾವೇ ಕೊನೆಯಾದರೆ ದೇವರು ಅಬ್ರಹಾಮನಿಗೆ ಕೊಟ್ಟ ಮಾತು ಉಳಿಯುವುದಿಲ್ಲ. ಮಾತು ತಪ್ಪುವ ದೇವರು "ಅಬ್ರಹಾಮನ ದೇವರು" ಎಂದು ಹೆಸರಿಟ್ಟುಕೊಂಡಾನೇ? ಇಬ್ರಿಯ 11:13–16 ಮತ್ತು 39–40 ಓದಿ ಈ ಭಾಗ ಮುಗಿಸಿ.

ಇದು ಕ್ರೈಸ್ತರೇ ಹೆಣೆದ ವಾದ ಎಂದು ಯಾರಾದರೂ ಅಂದರೆ ಯೆಹೂದಿ ಗುರುಗಳ ಚರ್ಚೆ ತೋರಿಸಬಹುದು. ಆ ಚರ್ಚೆಗಳ ಸಂಗ್ರಹವಾದ ಬಾಬಿಲೋನಿನ ತಾಲ್ಮೂದಿನ ಸನ್ಹೆದ್ರಿನ್ ಭಾಗದ 90b ಪುಟದಲ್ಲಿ ರಬ್ಬಿ ಸಿಮಾಯ್ ವಿಮೋಚನಕಾಂಡ 6:4ನ್ನೇ ಹಿಡಿದು, "ನಿಮಗೆ" ಅನ್ನದೆ "ಅವರಿಗೆ" ಎಂದಿದೆ, ಆದ್ದರಿಂದ ಪುನರುತ್ಥಾನ ತೋರಾದಲ್ಲಿ, ಅಂದರೆ ಮೋಶೆಯ ಧರ್ಮಶಾಸ್ತ್ರದಲ್ಲೇ, ಇದೆ ಎನ್ನುತ್ತಾನೆ. ಅದೇ ಪುಟದ ಇನ್ನೊಂದು ಪ್ರಸಂಗ ನಮ್ಮ ಪಟ್ಟಿಪ್ರಿಯರಿಗೆ ಒಳ್ಳೆಯ ಪಾಠ. ಪುನರುತ್ಥಾನ ಒಪ್ಪದವರು ರಬ್ಬಾನ್ ಗಮಲಿಯೇಲನನ್ನು ಆಧಾರ ಕೇಳುತ್ತಾರೆ. ಅವನು ಧರ್ಮಶಾಸ್ತ್ರದಿಂದ ಒಂದು, ಪ್ರವಾದಿಗಳಿಂದ ಒಂದು, ಉಳಿದ ಗ್ರಂಥಗಳಿಂದ ಒಂದು ವಚನ ಕೊಡುತ್ತಾನೆ. ಧರ್ಮೋಪದೇಶಕಾಂಡ 31:16ಕ್ಕೆ "'ಏಳುವರು' ಎಂಬ ಪದ ಮುಂದಿನ ವಾಕ್ಯಕ್ಕೆ ಸೇರಿದ್ದಿರಬಹುದು" ಎಂಬ ಮರುಮಾತು. ಯೆಶಾಯ 26:19ಕ್ಕೆ "ಅದು ಯೆಹೆಜ್ಕೇಲ ಎಬ್ಬಿಸಿದವರ ಮಾತಿರಬಹುದು" ಎಂಬ ಮರುಮಾತು. ಪರಮಗೀತದ ವಚನಕ್ಕೂ ಒಂದು ಕೊಂಕು. ಕೊನೆಗೆ ಅವರು ಒಪ್ಪಿದ್ದು ಧರ್ಮೋಪದೇಶಕಾಂಡ 11:9ನ್ನು ಎತ್ತಿದಾಗ: ಪಿತೃಗಳಿಗೆ ಆಣೆಯಿಟ್ಟು "ಅವರಿಗೆ" ಕೊಡುತ್ತೇನೆಂದ ದೇಶ. ಬೇರೆ ವಚನ ಎತ್ತಿದನೆಂದು ಹೇಳುವವರೂ ಇದ್ದರು ಎಂಬುದನ್ನು ಆ ಪುಟವೇ ದಾಖಲಿಸುತ್ತದೆ. ಬಿಡಿ ವಚನಗಳಿಗೆ ಒಂದೊಂದು ತಪ್ಪಿಸಿಕೊಳ್ಳುವ ದಾರಿ ಸಿಕ್ಕಿತು. ದೇವರು ಕೊಟ್ಟ ಮಾತಿನ ಮೇಲೆ ನಿಂತ ವಾದಕ್ಕೆ ಸಿಗಲಿಲ್ಲ.

ಪ್ರವಾದಿಗಳ ವಚನಗಳನ್ನು ತೂಗುವುದು

ಆಧಾರದ ಅಂಕಣಕ್ಕೆ ದಾನಿಯೇಲ 12:2 ನಿಸ್ಸಂದೇಹವಾಗಿ ಹೋಗುತ್ತದೆ. ಧೂಳಿನೊಳಗೆ ಮಲಗಿದವರು ಎಚ್ಚರಗೊಳ್ಳುವುದು, ಕೆಲವರಿಗೆ ನಿತ್ಯಜೀವ, ಕೆಲವರಿಗೆ ನಿಂದೆ: ಎರಡೂ ಪಕ್ಷ ಒಂದೇ ವಚನದಲ್ಲಿವೆ. 12:13ನ್ನೂ ಸೇರಿಸಿ ಓದಿ. ದಾನಿಯೇಲ ಎಂಬ ಒಬ್ಬ ಮನುಷ್ಯನಿಗೆ ನೀನು ವಿಶ್ರಮಿಸಿ ದಿನಗಳ ಅಂತ್ಯದಲ್ಲಿ ನಿಲ್ಲುವಿ ಎಂಬ ಮಾತು ಅಲ್ಲಿದೆ, ಆದ್ದರಿಂದ ಇದನ್ನು ಜನಾಂಗದ ರೂಪಕ ಎಂದು ತಳ್ಳಿಹಾಕುವುದು ಕಷ್ಟ.

ಯೆಶಾಯ 26:19 ಕೂಡ ಆಧಾರಕ್ಕೇ ಸೇರಬೇಕು, ಆದರೆ 26:14ರ ಜೊತೆ. ಅಲ್ಲಿ "ಸತ್ತವರು ಬದುಕರು" ಎಂದಿದೆ, ಐದು ವಚನ ದಾಟಿದರೆ "ನಿನ್ನ ಸತ್ತವರು ಬದುಕುವರು". 14ನೆಯದು ಇಸ್ರಾಯೇಲನ್ನು ಆಳಿದ ಅನ್ಯ ಒಡೆಯರ ಬಗ್ಗೆ, 19ನೆಯದು ದೇವಜನರ ಬಗ್ಗೆ. ಇದನ್ನು ನೀವೇ ಮೊದಲು ತೋರಿಸಿಬಿಡಿ. ಕೇಳುಗರು ಕಂಡುಹಿಡಿದ ಮೇಲೆ ವಿವರಿಸಿದರೆ ಸಮಜಾಯಿಷಿಯಂತೆ ಕೇಳಿಸುತ್ತದೆ.

ಯೆಹೆಜ್ಕೇಲ 37 ಎಲ್ಲರ ಅಚ್ಚುಮೆಚ್ಚು, ಹಾಡುಗಳಿಗೂ ನಾಟಕಗಳಿಗೂ ಬಂದದ್ದು. ಆದರೂ ಅದರ ಜಾಗ ಆಸರೆಯ ಅಂಕಣ. 11ನೆಯ ವಚನದಲ್ಲೇ ಅರ್ಥ ಹೇಳಿದೆ: ಈ ಎಲುಬುಗಳು ಇಸ್ರಾಯೇಲಿನ ಸಮಸ್ತ ವಂಶ. ಸೆರೆಯಿಂದ ಬಿಡುಗಡೆಯೇ ಮೊದಲ ಅರ್ಥ. ದೇವರು ಆ ಬಿಡುಗಡೆಗೆ ಆರಿಸಿದ ಚಿತ್ರ ಯಾವುದು ಎಂಬುದು ಮಾತ್ರ ನಮಗೆ ಸಹಾಯ. ತಾಲ್ಮೂದಿನಲ್ಲೂ (ಸನ್ಹೆದ್ರಿನ್ 92b) ಇದು ದೃಷ್ಟಾಂತವೋ ನಡೆದದ್ದೋ ಎಂಬ ಜಗಳವಿದೆ. ನಡೆದದ್ದೇ ಎನ್ನುವ ಒಬ್ಬ ರಬ್ಬಿ, ತಾನು ಆ ಎಲುಬುಗಳಿಂದ ಎದ್ದವರ ವಂಶದವನೆಂದೂ ಇಗೋ ತಾತ ಬಿಟ್ಟುಹೋದ, ಪ್ರಾರ್ಥನೆಯಲ್ಲಿ ಹಣೆಗೂ ತೋಳಿಗೂ ಕಟ್ಟುವ ಜ್ಞಾಪಕಪಟ್ಟಿಗಳೆಂದೂ ಎದ್ದು ನಿಲ್ಲುತ್ತಾನೆ!

ಯೋಬ 19:25–27 ಅನುಮಾನದ ಅಂಕಣಕ್ಕೆ. ನಂಬಿಕೆಯ ಮಾತಾಗಿ ಅದ್ಭುತ, ವಾದದ ಕಂಬವಾಗಿ ದುರ್ಬಲ. 26ನೆಯ ವಚನದ ಹೀಬ್ರೂ ಕಠಿಣ. "ದೇಹದೊಳಗಿಂದ ದೇವರನ್ನು ನೋಡುವೆನು" ಎಂದೂ "ದೇಹವಿಲ್ಲದೆ" ಎಂದೂ ಓದಲು ಬರುತ್ತದೆ. ಎರಡು ಅನುವಾದ ಇಟ್ಟುಕೊಳ್ಳಿ ಎಂದದ್ದು ಇಂಥ ಜಾಗಗಳಿಗಾಗಿ.

ಕಥೋಲಿಕರ ಗುಂಪಾದರೆ ಮಕ್ಕಬಿಯರ ಎರಡನೆಯ ಗ್ರಂಥದ 7ನೆಯ ಅಧ್ಯಾಯ ಬಿಡಬೇಡಿ. ಧರ್ಮಶಾಸ್ತ್ರ ಮೀರಲು ಒಪ್ಪದೆ ಚಿತ್ರಹಿಂಸೆಯಿಂದ ಸತ್ತ ಏಳು ಅಣ್ಣತಮ್ಮಂದಿರು, ಒಬ್ಬ ತಾಯಿ. ಮೂರನೆಯವನು ಕೈಗಳನ್ನು ಚಾಚಿ, ಇವನ್ನು ದೇವರಿಂದ ಮತ್ತೆ ಪಡೆಯುವೆ ಎನ್ನುತ್ತಾನೆ. ದೇಹದ ಪುನರುತ್ಥಾನವನ್ನು ಇಷ್ಟು ನೇರವಾಗಿ ಹೇಳಿದ್ದು ಬೇರೆಡೆ ಅಪರೂಪ. 12:43–45ರಲ್ಲಿ ಯೆಹೂದಿ ಸೇನಾಪತಿ ಮಕ್ಕಬಿಯ ಯೂದನು ಸತ್ತ ಸೈನಿಕರಿಗಾಗಿ ಕಾಣಿಕೆ ಕಳಿಸಿದ್ದಕ್ಕೆ ಕೊಡುವ ಕಾರಣವೂ ಪುನರುತ್ಥಾನವೇ. ಪ್ರಾಟೆಸ್ಟಂಟ್ ಬೈಬಲ್ಲಿನಲ್ಲಿ ಈ ಗ್ರಂಥವಿಲ್ಲ. ಅಲ್ಲಿ ಇದನ್ನು ಇತಿಹಾಸದ ಸಾಕ್ಷಿಯಾಗಿ ಹೇಳಬಹುದು, ಶಾಸ್ತ್ರಾಧಾರವಾಗಿ ಅಲ್ಲ.

1 ಕೊರಿಂಥ 15: ಹಗ್ಗದ ಎರಡೂ ತುದಿ

58 ವಚನಗಳ ಈ ಅಧ್ಯಾಯಕ್ಕೆ ಒಂದು ಇಡೀ ಸಂಜೆ ಬೇಕು. ಪೌಲ ಇದನ್ನು ಎಫೆಸದಿಂದ ಬರೆದ (16:8), ಸುಮಾರು ಕ್ರಿ.ಶ. 54–55ರಲ್ಲಿ.

ಮೊದಲು ಎದುರಾಳಿ ಯಾರೆಂದು ಗುರುತಿಸಿ. ಇವರು ಯೇಸುವಿನ ಪುನರುತ್ಥಾನ ನಂಬದವರಲ್ಲ. 11ನೆಯ ವಚನದ ಪ್ರಕಾರ ಅದನ್ನು ನಂಬಿದವರೇ. 12ರಲ್ಲಿ ಕೆಲವರು ಹೇಳುತ್ತಿರುವುದು "ಸತ್ತವರಿಗೆ ಪುನರುತ್ಥಾನವಿಲ್ಲ" ಎಂದು, ಅಂದರೆ ಕ್ರಿಸ್ತನಿಗೆ ಆದದ್ದು ಆಯಿತು, ನಮಗೆ ಇಲ್ಲ. ಇದನ್ನು ನಾಸ್ತಿಕರಿಗೆ ಕೊಟ್ಟ ಉತ್ತರ ಎಂದು ಕಲಿಸಿದರೆ ಅಧ್ಯಾಯದ ತರ್ಕವೇ ತಪ್ಪಿಹೋಗುತ್ತದೆ.

3ರಿಂದ 8ರವರೆಗೆ ಪೌಲ ಇಬ್ಬರೂ ಒಪ್ಪುವ ನೆಲ ಗಟ್ಟಿಮಾಡುತ್ತಾನೆ. ಸಾಕ್ಷಿಗಳನ್ನು ಬೋರ್ಡಿನಲ್ಲಿ ಬರೆಯಿರಿ: ಕೇಫ (ಪೇತ್ರ), ಹನ್ನೆರಡು ಮಂದಿ, ಐನೂರಕ್ಕೂ ಹೆಚ್ಚು ಸಹೋದರರು, ಯಾಕೋಬ, ಎಲ್ಲ ಅಪೊಸ್ತಲರು, ಕಡೆಗೆ ಪೌಲ. ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎಂಬ ಮಾತಿನ ಅರ್ಥ ಹೋಗಿ ಕೇಳಿ ಎಂದು. "ಮೂರನೆಯ ದಿನ, ಶಾಸ್ತ್ರದ ಪ್ರಕಾರ" ಎಂಬುದಕ್ಕೆ ಒಂದೇ ವಚನ ತೋರಿಸಿ ಎಂದು ಹಠಹಿಡಿದರೆ ಹೋಶೇಯ 6:2, ಯೋನ 1:17 (ಮತ್ತಾಯ 12:40ರ ಜೊತೆ) ಹೇಳಿ, ಅದಕ್ಕಿಂತ ಎಳೆಯಬೇಡಿ.

13ರಿಂದ 19ರವರೆಗಿನದು ಸರಪಳಿ. ಸತ್ತವರು ಏಳುವುದಿಲ್ಲವಾದರೆ: ಕ್ರಿಸ್ತನೂ ಎದ್ದಿಲ್ಲ, ನಮ್ಮ ಸಾರೋಣ ಹುರುಳಿಲ್ಲದ್ದು, ನಿಮ್ಮ ನಂಬಿಕೆಯೂ ಹಾಗೇ, ನಾವು ದೇವರ ವಿಷಯದಲ್ಲಿ ಸುಳ್ಳುಸಾಕ್ಷಿಗಳು, ನೀವಿನ್ನೂ ಪಾಪದಲ್ಲಿದ್ದೀರಿ, ಕ್ರಿಸ್ತನಲ್ಲಿ ನಿದ್ರೆಹೋದವರು ನಾಶವಾದರು, ನಮ್ಮಷ್ಟು ನಿರ್ಭಾಗ್ಯರು ಬೇರೆ ಇಲ್ಲ. ಏಳನ್ನೂ ಕೆಳಗಿಂದ ಕೆಳಗೆ ಬರೆದು ಬಾಣ ಎಳೆಯಿರಿ. ಸಾಮಾನ್ಯ ನಿಯಮವನ್ನು ಅಲ್ಲಗಳೆದರೆ ಒಪ್ಪಿಕೊಂಡ ಒಂದು ಘಟನೆಯೂ ಬೀಳುತ್ತದೆ. ಪೌಲ 13ರ ಮಾತನ್ನು 16ರಲ್ಲಿ ಮತ್ತೆ ಹೇಳುವುದು ಈ ಗಂಟನ್ನು ಬಿಗಿಯಲು.

20ರಲ್ಲಿ ಹಗ್ಗದ ಇನ್ನೊಂದು ತುದಿ: ಕ್ರಿಸ್ತನು ಪ್ರಥಮಫಲ. ಹಿನ್ನೆಲೆ ಯಾಜಕಕಾಂಡ 23:10–14. ಹೊಸ ಬೆಳೆಯ ಮೊದಲ ಸಿವುಡನ್ನು ಸಬ್ಬತ್ತಿನ ಮರುದಿನ ಅರ್ಪಿಸಬೇಕು, ಅಲ್ಲಿಯವರೆಗೆ ಹೊಸ ಧಾನ್ಯ ತಿನ್ನಬಾರದು. ಮಂಗಳೂರು, ಉಡುಪಿ ಕಡೆಯ ಕಥೋಲಿಕರಿಗೆ ಇದನ್ನು ವಿವರಿಸಲು ಕಷ್ಟವೇ ಇಲ್ಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನಲ್ಲಿ ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ, ಅದರ ಕಾಳು ಸೇರಿಸಿ ಹೊಸ ಅನ್ನದ ಊಟ. ತೆನೆ ಇಗರ್ಜಿಗೆ ಬಂದಿತೆಂದರೆ ಗದ್ದೆಯಲ್ಲಿ ಉಳಿದ ಪೈರು ಇದೆ ಎಂದೇ ಅರ್ಥ. ಅದು ಬೇರೆ ಜಾತಿಯದ್ದಲ್ಲ, ಅದೇ ಬೆಳೆ. ಪೌಲನ ವಾದ ಅಷ್ಟೇ. ಕ್ರಿಸ್ತನ ಪುನರುತ್ಥಾನ ಒಂಟಿ ಪವಾಡವಲ್ಲ, ಕೊಯ್ಲಿನ ಆರಂಭ. ಕ್ರಮವೂ 23ರಲ್ಲಿದೆ: ಪ್ರಥಮಫಲ ಕ್ರಿಸ್ತ, ತರುವಾಯ ಆತನ ಪ್ರತ್ಯಕ್ಷತೆಯಲ್ಲಿ ಆತನವರು.

35ರಿಂದ ಎರಡನೆಯ ಆಕ್ಷೇಪಣೆ: ಎಂಥ ದೇಹ? 42–44ರ ನಾಲ್ಕು ಜೋಡಿಗಳನ್ನು ಎರಡು ಸಾಲಾಗಿ ಬರೆಸಿ: ಲಯ ಮತ್ತು ನಿರ್ಲಯ, ಹೀನತೆ ಮತ್ತು ಮಹಿಮೆ, ನಿರ್ಬಲ ಮತ್ತು ಬಲ, ಪ್ರಾಕೃತ ದೇಹ ಮತ್ತು ಆತ್ಮಿಕ ದೇಹ. ನಾಲ್ಕನೆಯ ಜೋಡಿ ಅಪಾಯದ ತಿರುವು. ಆತ್ಮಿಕ ದೇಹ ಎಂದರೆ ಗಾಳಿಯಂಥದ್ದು, ಮುಟ್ಟಲಾಗದ್ದು ಎಂದುಕೊಂಡುಬಿಡುತ್ತಾರೆ. ಅದಕ್ಕೆ ಮದ್ದು ಇದೇ ಪತ್ರಿಕೆಯ 2:14–15. ಅಲ್ಲಿ ಪ್ರಾಕೃತ ಮನುಷ್ಯ, ಆತ್ಮಿಕ ಮನುಷ್ಯ ಎಂಬ ಅದೇ ಎರಡು ಪದಗಳಿವೆ. ಇಬ್ಬರಿಗೂ ಮೈ ಇದೆ. ವ್ಯತ್ಯಾಸ ಯಾವುದರಿಂದ ನಡೆಸಲ್ಪಡುತ್ತಾರೆ ಎಂಬುದರಲ್ಲಿ. 50ರ "ರಕ್ತಮಾಂಸ ದೇವರ ರಾಜ್ಯಕ್ಕೆ ಬಾಧ್ಯವಾಗಲಾರದು" ಎಂಬುದನ್ನೂ ಅದರ ಎರಡನೆಯ ಅರ್ಧದೊಂದಿಗೆ ಓದಿಸಿ. ಮಾತು ಲಯವಾಗುವ ಸ್ಥಿತಿಯ ಬಗ್ಗೆ. ಲೂಕ 24:39–43ರಲ್ಲಿ ಎದ್ದ ಯೇಸು ತನಗೆ ಮಾಂಸವೂ ಎಲುಬೂ ಇವೆ ಎಂದು ತೋರಿಸಿ, ಸುಟ್ಟ ಮೀನಿನ ತುಂಡನ್ನು ತೆಗೆದುಕೊಂಡು ಅವರ ಮುಂದೆಯೇ ತಿಂದ. ರೋಮಾಪುರ 8:11 ಮತ್ತು ಫಿಲಿಪ್ಪಿ 3:21ನ್ನು ಜೋಡಿಸಿದರೆ ಈ ಭಾಗ ಪೂರ್ತಿ.

54–55ರಲ್ಲಿ ಪೌಲ ಯೆಶಾಯ 25:8 ಮತ್ತು ಹೋಶೇಯ 13:14 ಎತ್ತುತ್ತಾನೆ. ಹೋಶೇಯನಲ್ಲಿ ಆ ಮಾತಿನ ಸುತ್ತ ಇರುವುದು ನ್ಯಾಯತೀರ್ಪಿನ ಕೋಪ. ಚುರುಕಾದ ಓದುಗ ಹಿಡಿದೇ ಹಿಡಿಯುತ್ತಾನೆ. ಕ್ರಿಸ್ತ ಎದ್ದಮೇಲೆ ಪೌಲ ಅದೇ ಮಾತನ್ನು ಸಾವಿನ ವಿರುದ್ಧ ತಿರುಗಿಸಿದ ಎಂದು ಬಿಚ್ಚಿ ಹೇಳಿ.

29ನೆಯ ವಚನದ "ಸತ್ತವರಿಗೋಸ್ಕರ ದೀಕ್ಷಾಸ್ನಾನ" ಏನೆಂಬುದಕ್ಕೆ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಅದರ ಮೇಲೆ ಏನನ್ನೂ ಕಟ್ಟಬೇಡಿ. ಪ್ರಕಟನೆ 20:4–6ರ ಮೊದಲನೆಯ ಪುನರುತ್ಥಾನ, ಸಾವಿರ ವರ್ಷದ ಚರ್ಚೆಯೂ ಅಷ್ಟೇ: ತೆಗೆದರೆ ಆ ಸಂಜೆ ಅಲ್ಲೇ ಮುಳುಗುತ್ತದೆ.

ಎದುರು ನಿಲ್ಲುವ ವಚನಗಳು

ಪ್ರಸಂಗಿ 9:5, ಕೀರ್ತನೆ 6:5, ಕೀರ್ತನೆ 115:17, ಯೋಬ 7:9. ಇವನ್ನು ಅವಿತಿಡಬೇಡಿ, ಮೊದಲ ಸಂಜೆಯೇ ಓದಿಸಿ. ಪ್ರಸಂಗಿಯದು "ಲೋಕದೊಳಗೆ" ಕಣ್ಣಿಗೆ ಕಾಣುವಷ್ಟನ್ನೇ ಹೇಳುವ ನೋಟ, 9:3 ಮತ್ತು 9:6ರಲ್ಲಿ ಆ ಗಡಿ ಅದರಲ್ಲೇ ಬರೆದಿದೆ. ಕೀರ್ತನೆ 6:5 ಸಾವಿನ ಬಗ್ಗೆ ಉಪದೇಶವಲ್ಲ, ಬದುಕಿಸು ಎಂಬ ಮೊರೆ. ಯೋಬ 14ರಲ್ಲಿ 12ನೆಯ ವಚನ "ಆಕಾಶ ಅಳಿಯುವ ತನಕ ಏಳನು" ಎನ್ನುತ್ತದೆ, 14ನೆಯದು "ಸತ್ತವನು ಮತ್ತೆ ಬದುಕಾನೇ?" ಎಂದು ಕೇಳಿ ಕಾಯುತ್ತದೆ. ಹಳೆಯ ಒಡಂಬಡಿಕೆಯಲ್ಲಿ ಈ ನಂಬಿಕೆ ಒಂದೇ ಸಲ ಪೂರ್ತಿ ಬೆಳಕಿಗೆ ಬರಲಿಲ್ಲ. ಹಾಗೆಂದು ಒಪ್ಪಿಕೊಂಡರೆ ವಾದಕ್ಕೆ ನಷ್ಟವಿಲ್ಲ. ಎಲ್ಲ ವಚನವೂ ಒಂದೇ ಮಾತು ಹೇಳುತ್ತದೆ ಎಂದು ಹಟ ಹಿಡಿದರೇ ನಷ್ಟ.

ಸಮಯ ಹಂಚಿಕೆ

ಮೂರು ಸಂಜೆ, ಒಂದೊಂದು 75 ನಿಮಿಷ. ಮೊದಲನೆಯದರಲ್ಲಿ ವಾಕ್ಯವನ್ನು ಬಿಗಿಮಾಡಲು 20 ನಿಮಿಷ, ಎದುರು ವಚನಗಳಿಗೆ 15, ಮಾರ್ಕ 12ಕ್ಕೆ ಉಳಿದ 40. ಎರಡನೆಯದು ಪ್ರವಾದಿಗಳಿಗೆ, ಇಲ್ಲಿ ಗುಂಪನ್ನು ನಾಲ್ಕೈದು ಜನರಂತೆ ಒಡೆದು ಒಂದೊಂದು ತಂಡಕ್ಕೆ ಒಂದು ವಾಕ್ಯಭಾಗ ಕೊಟ್ಟು ಅಂಕಣ ಆರಿಸಲು ಹೇಳಿ. ಜಗಳವಾಗುತ್ತದೆ, ಆಗಲಿ. ಮೂರನೆಯದು 1 ಕೊರಿಂಥ 15ಕ್ಕೆ. ಒಂದೇ ಸಂಜೆ ಸಿಕ್ಕಿದರೆ ಪ್ರವಾದಿಗಳನ್ನು ದಾನಿಯೇಲ 12:2 ಒಂದಕ್ಕೆ ಇಳಿಸಿ. ಮಾರ್ಕ 12ನ್ನು ಮಾತ್ರ ಕತ್ತರಿಸಬೇಡಿ.

ಸಾವಿನ ಮನೆಗೆ ಇದ್ಯಾವುದನ್ನೂ ಈ ರೂಪದಲ್ಲಿ ಒಯ್ಯಬೇಡಿ. ಅಲ್ಲಿಗೆ 1 ಥೆಸಲೋನಿಕ 4:13–18 ಸಾಕು. 13ನೆಯ ವಚನ ಅಳಬೇಡಿ ಎನ್ನುವುದಿಲ್ಲ, ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎನ್ನುತ್ತದೆ. ಮಾರ್ಥಳಿಗೆ ಕಡೇ ದಿನದ ಪುನರುತ್ಥಾನ ಚೆನ್ನಾಗಿ ಗೊತ್ತಿತ್ತು (ಯೋಹಾನ 11:24). ಆದರೂ ಹತ್ತು ವಚನ ದಾಟುವಷ್ಟರಲ್ಲಿ ಯೇಸುವೇ ಅತ್ತ.

ಸುಟ್ಟರೆ ಏಳುತ್ತಾರೆಯೇ?

ಬೆಂಗಳೂರಿನಂಥ ಊರುಗಳಲ್ಲಿ ಸ್ಮಶಾನದಲ್ಲಿ ಜಾಗ ಸಿಗುವುದು ಕಷ್ಟವಾದಂತೆ ಈ ಪ್ರಶ್ನೆ ಹೆಚ್ಚು ಬರುತ್ತಿದೆ. ಹೂಳುವುದೇ ಬೈಬಲ್ಲಿನ ರೂಢಿ, ಮಕ್ಪೇಲದಿಂದ ಅರಿಮಥಾಯದ ಯೋಸೇಫನ ಗವಿಯವರೆಗೆ. ಆದರೆ ಯಾಬೇಷ್ ಗಿಲ್ಯಾದಿನವರು ಸೌಲನ ಮತ್ತು ಅವನ ಮಕ್ಕಳ ಹೆಣಗಳನ್ನು ಸುಟ್ಟು ಎಲುಬುಗಳನ್ನು ಹೂಣಿಟ್ಟರು (1 ಸಮುವೇಲ 31:12–13). ಅದನ್ನು ಕೇಳಿದ ದಾವೀದ ಅವರನ್ನು ಹರಸಿದ (2 ಸಮುವೇಲ 2:5). ಸಮುದ್ರವೂ ತನ್ನಲ್ಲಿದ್ದ ಸತ್ತವರನ್ನು ಒಪ್ಪಿಸುತ್ತದೆ ಎಂದು ಪ್ರಕಟನೆ 20:13 ಹೇಳುವಾಗ, ಎಬ್ಬಿಸುವುದು ಉಳಿದ ಮೂಳೆಗಳ ಲೆಕ್ಕದ ಮೇಲೆ ನಿಂತಿಲ್ಲ ಎಂಬುದು ಸ್ಪಷ್ಟ. ಕಥೋಲಿಕ ಸಭೆ 1963ರಲ್ಲಿ ದಹನಕ್ಕಿದ್ದ ನಿಷೇಧ ಸಡಿಲಿಸಿತು, ಪುನರುತ್ಥಾನವನ್ನು ನಿರಾಕರಿಸುವ ಉದ್ದೇಶವಿರಬಾರದು ಎಂಬ ಷರತ್ತಿನೊಂದಿಗೆ. 2016ರ ಸೂಚನೆಯ ಪ್ರಕಾರ ಚಿತಾಭಸ್ಮವನ್ನು ಸ್ಮಶಾನದಂಥ ಪವಿತ್ರ ಜಾಗದಲ್ಲಿ ಇಡಬೇಕು, ಚೆಲ್ಲಬಾರದು, ಮನೆಮಂದಿ ಹಂಚಿಕೊಳ್ಳಬಾರದು. ಉಳಿದ ಸಭೆಗಳವರು ತೀರ್ಮಾನಿಸುವ ಮುಂಚೆ ತಮ್ಮ ಸಭಾಪಾಲಕರನ್ನು ಕೇಳಲಿ. ಒಂದೊಂದು ಸಭೆಯ ಪದ್ಧತಿ ಒಂದೊಂದು ಥರ.